‘ಐ’ ಮತ್ತು ‘ಮಿ’: ಇಂಗ್ಲಿಷರು ಕಳಕೊಂಡ ವಿಭಕ್ತಿಗಳ ಕಥೆ

ವಾಚನಾಲಯದ ಹುಡುಗರು ‘ಈ ಸಲದ ಪುಸ್ತಕಕ್ಕ ಇತಿಹಾಸದ ಮ್ಯಾಲ ಏನರೆ ಬರದು ಕೊಡ್ರಿ’ ಅಂದಾಗ, ನಾನು ಹಂತಿ ಪದದ ಬಗ್ಗೆಯೋ ಅಕ್ಕಲಕೋಟ ಸಂಸ್ಥಾನದ ಬಗ್ಗೆಯೋ ಬರೀತೀನಿ ಅಂತ ಎಲ್ಲರೂ ತಿಳಕೊಂಡಿದ್ದರು. ನಾನು ಬರೆಯುವುದು ಇಂಗ್ಲಿಷಿನ ಎರಡು ಸಣ್ಣ ಶಬ್ದಗಳ ಬಗ್ಗೆ. ಒಂದು ‘ಐ’, ಇನ್ನೊಂದು ‘ಮಿ’. ಏಳನೆಯ ಇಯತ್ತೆ ಕಲಿತು ಒಕ್ಕಲುತನ ಮಾಡುವವನಿಗೆ ಇದರ ಉಸಾಬರಿ ಯಾಕ ಅಂತ ನಗಬ್ಯಾಡ್ರಿ. ನಮ್ಮ ಮನೆಯೊಳಗ ಒಂದು ಪ್ರಸಂಗ ನಡೀತು, ಅದರಿಂದ ಈ ಮಾತು ಬಂತು.

ನನ್ನ ಮಗನ ಮಗಳು ಆಗ ಒಂಬತ್ತನೆಯ ಇಯತ್ತೆ. ಏಳನೆಯ ತನಕ ಊರಿನ ಕನ್ನಡ ಶಾಲೆ, ಆಮೇಲೆ ಪಟ್ಟಣದ ಹೈಸ್ಕೂಲು. ಮನೆಯೊಳಗ ಕನ್ನಡ, ಬಸ್ಸಿನ್ಯಾಗ ಮರಾಠಿ, ವರ್ಗದೊಳಗ ಇಂಗ್ಲಿಷು. ಅಕ್ಕಲಕೋಟ ಕಡೆಯ ಮಕ್ಕಳಿಗೆ ಇದೇನು ಹೊಸದಲ್ಲ. ಹೋದ ಚಳಿಗಾಲದಲ್ಲಿ ಒಂದು ಇಂಗ್ಲಿಷ್ ಭಾಷಣದ ಸ್ಪರ್ಧೆಗೆ ಹೆಸರು ಕೊಟ್ಟಳು. ವಿಷಯ ‘ನನ್ನ ಮನೆತನ’. ಎಂಟು ದಿನ ದನದ ಕೊಟ್ಟಿಗೆಯೊಳಗ ನಿಂತು ಪಾಠ ಮಾಡಿಕೊಂಡಳು. ಸ್ಪರ್ಧೆಯ ದಿನ ವೇದಿಕೆ ಹತ್ತಿ, ‘ಮಿ ಅಂಡ್ ಮೈ ಗ್ರ್ಯಾಂಡ್‌ಫಾದರ್ ಸಿಂಗ್ ಭಜನ್ಸ್’ ಅಂತ ಶುರು ಮಾಡಿದಳಂತೆ. ನಾನೂ ನನ್ನ ಮುತ್ಯಾನೂ ಭಜನಿ ಹಾಡತೀವಿ ಅಂತ ಅರ್ಥ. ಮುಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಪರೀಕ್ಷಕರೊಬ್ಬರು ನಡುವೆ ಬಾಯಿ ಹಾಕಿ ‘ಮಿ ಅಲ್ಲ, ಐ’ ಅಂದರು. ಹುಡುಗಿ ಗಾಬರಿಯಾತು. ಮುಂದ ಎಲ್ಲಿ ‘ಮಿ’ ಬರೋದಿತ್ತೋ ಅಲ್ಲೆಲ್ಲ ‘ಐ’ ಹಾಕತಾ ಹೋದಳು. ‘ಹಿ ಟೀಚಸ್ ಮೈ ಬ್ರದರ್ ಅಂಡ್ ಐ’ ಅಂದಳು. ಆಗ ಅದೇ ಪರೀಕ್ಷಕರು ‘ಐ ಅಲ್ಲ, ಮಿ’ ಅಂದರು. ಆಕಿ ಅಲ್ಲಿಗೇ ನಿಲ್ಲಿಸಿ ಕೆಳಗ ಇಳದು ಬಂದಳು.

ಅಂದಿನಿಂದ ವರ್ಗದೊಳಗ ಇಂಗ್ಲಿಷ್ ಮಾತಾಡೋದನ್ನೇ ಬಿಟ್ಟಳು. ಕೇಳಿದರ, ‘ಯಾವಾಗ ಐ, ಯಾವಾಗ ಮಿ ಅನ್ನೋದು ನಮ್ಮಂಥವರಿಗೆ ತಿಳಿಯೂದಿಲ್ಲ ಬಿಡು ಮುತ್ಯಾ’ ಅಂದಳು. ‘ನಮ್ಮಂಥವರಿಗೆ’ ಅಂದದ್ದು ನನ್ನ ಎದಿಯೊಳಗ ಮುಳ್ಳಿನಂಗ ಕುಂತಿತು.

ನಾನು ಶಾಲೆ ಬಿಟ್ಟದ್ದು 1972ರ ದುಷ್ಕಾಳದಾಗ. ಏಳನೆಯ ಇಯತ್ತೆ ಮುಗಿದಿತ್ತು. ಅಪ್ಪನ ಜೋಡಿ ಸರಕಾರದ ರಸ್ತೆಯ ಕೆಲಸಕ್ಕ ಖಡಿ ಒಡೆಯಲಿಕ್ಕೆ ಹೋದೆ. ಅಲ್ಲಿ ಸುಕಡಿ ಕೊಡತಿದ್ದರು, ಆ ವಯಸ್ಸಿಗೆ ಪುಸ್ತಕಕ್ಕಿಂತ ಸುಕಡಿ ದೊಡ್ಡದಿತ್ತು. ನಮಗ ಇಂಗ್ಲಿಷ್ ಶುರುವಾದದ್ದೇ ಐದನೆಯ ಇಯತ್ತೆಗೆ. ‘ಐ, ಮಿ, ಮೈ’ ಅಂತ ಬಾಯಿಪಾಠ ಮಾಡಿದ್ದು ನೆನಪದ. ಅದರ ಹಿಂದಿನ ಕಥೆ ಯಾರೂ ಹೇಳಲಿಲ್ಲ. ಹೇಳುವವರಿಗೂ ಗೊತ್ತಿತ್ತೋ ಇಲ್ಲೋ. ಐವತ್ತು ವರ್ಷ ಕಳೆದ ಮೇಲೆ ಮೊಮ್ಮಗಳ ಸಲುವಾಗಿ ಅದನ್ನು ಹುಡುಕಿಕೊಂಡು ಹೋದೆ. ನಮ್ಮ ಓಣಿಯಲ್ಲಿ ಹೈಸ್ಕೂಲಿನಿಂದ ನಿವೃತ್ತರಾದ ಇಂಗ್ಲಿಷ್ ಗುರುಗಳಿದ್ದಾರೆ. ಈ ಮಳೆಗಾಲದ ಸಂಜೆಗಳಲ್ಲಿ ಅವರು ಪುಸ್ತಕ ಓದಿ ಹೇಳಿದರು, ನಾನು ವಹಿಯೊಳಗ ಬರಕೊಂಡೆ. ಉಚ್ಚಾರದಾಗ ತಪ್ಪಿದ್ದರ ಅದು ನನ್ನದು.

ಮೊದಲು ವಿಭಕ್ತಿ ಅಂದರೇನು ಅಂತ ನೋಡೋಣ. ನಮ್ಮ ಮಾತಿನಲ್ಲಿ ‘ನಾನು’ ಇದ್ದದ್ದು ‘ನನ್ನನ್ನು’, ‘ನನಗೆ’, ‘ನನ್ನಿಂದ’, ‘ನನ್ನ’, ‘ನನ್ನಲ್ಲಿ’ ಅಂತ ಬದಲಾಗುತ್ತದೆ. ಯಾರು ಮಾಡಿದರು, ಯಾರಿಗೆ ಮಾಡಿದರು, ಯಾರದು ಅನ್ನೋದು ಶಬ್ದದ ಬಾಲ ನೋಡಿದರೆ ತಿಳೀತದ. ಇಂಗ್ಲಿಷಿನಲ್ಲಿ ಇದಕ್ಕೆ ಉಳಿದದ್ದು ಮೂರೇ ರೂಪ. ಮಾಡಿದವ ನಾನಾದರೆ ‘ಐ’. ಮಾಡಿಸಿಕೊಂಡವ ನಾನಾದರೆ, ಅಥವಾ ‘ನನಗೆ’, ‘ನನ್ನಿಂದ’, ‘ನನ್ನ ಜೋಡಿ’ ಅನ್ನುವ ಕಡೆ ‘ಮಿ’. ನನ್ನದಾದರೆ ‘ಮೈ’. ಹಂಗೇ ‘ಹಿ’ ಮತ್ತು ‘ಹಿಮ್’, ‘ವಿ’ ಮತ್ತು ‘ಅಸ್’, ‘ದೇ’ ಮತ್ತು ‘ದೆಮ್’. ‘ಐ’ಗೂ ‘ಮಿ’ಗೂ ಮಾರಿಯೇ ಕೂಡೂದಿಲ್ಲ, ಒಂದೇ ಶಬ್ದ ಹೆಂಗಾದೀತು ಅಂತ ಮಕ್ಕಳು ಕೇಳತಾರ. ನಾವು ಭಜನಿಯೊಳಗ ಹಾಡುವ ಹಳೆಯ ವಚನಗಳಲ್ಲಿ ‘ಆನು’ ಬರತದ, ‘ಎನ್ನ’, ‘ಎನಗೆ’ ಬರತದ. ‘ಆನು’ವಿಗೂ ‘ಎನ್ನ’ಕ್ಕೂ ಮಾರಿ ಎಲ್ಲಿ ಕೂಡತದ? ಆದರೂ ಒಂದೇ ಮನುಷ್ಯನ ಮಾತು.

ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮಂಗೇ ಸಾಲುಗಟ್ಟಿ ವಿಭಕ್ತಿಗಳಿದ್ದವು. ಇದು ತಿಳಿದಾಗ ನನಗ ಆಶ್ಚರ್ಯ ಆತು. ಕ್ರಿಸ್ತಶಕ ಐದನೆಯ ಶತಮಾನದ ಸುಮಾರಿಗೆ ಆಂಗಲ್, ಸ್ಯಾಕ್ಸನ್, ಜೂಟ್ ಅನ್ನುವ ಜನ ಈಗಿನ ಜರ್ಮನಿ-ಡೆನ್ಮಾರ್ಕಿನ ಕರಾವಳಿಯಿಂದ ಹಡಗು ಹತ್ತಿ ಬ್ರಿಟನ್ನಿಗೆ ಬಂದರು. ಅವರ ಮಾತೇ ಹಳೆಯ ಇಂಗ್ಲಿಷು. ಅದರೊಳಗ ಕಲ್ಲಿಗೆ ‘ಸ್ತಾನ್’ ಅನ್ನುತ್ತಿದ್ದರು. ಕಲ್ಲಿನ ಅನ್ನಲಿಕ್ಕೆ ‘ಸ್ತಾನೆಸ್’. ಕಲ್ಲಿಗೆ ಅನ್ನಲಿಕ್ಕೆ ‘ಸ್ತಾನೆ’. ಕಲ್ಲುಗಳು ‘ಸ್ತಾನಾಸ್’. ಕಲ್ಲುಗಳಿಗೆ ‘ಸ್ತಾನುಮ್’. ಖಡಿ ಒಡೆದವನಾದ್ದರಿಂದ ಈ ಒಂದು ಶಬ್ದ ಮಾತ್ರ ನನಗ ಒಮ್ಮೆಗೇ ಬಾಯಿಗೆ ಬಂತು. ಕಲ್ಲಿಗಷ್ಟೇ ಅಲ್ಲ, ರಾಜನಿಗೆ, ಹಡಗಿಗೆ, ಹೆಣ್ಣುಮಗಳಿಗೆ, ಎಲ್ಲ ನಾಮಪದಕ್ಕೂ ಹಿಂಗೇ ಬಾಲ ಇದ್ದವು. ಅವರ ಸರ್ವನಾಮದ ಭಂಡಾರ ಇನ್ನೂ ದೊಡ್ಡದು. ನಾನು ಅನ್ನಲಿಕ್ಕೆ ‘ಇಚ್’. ನಾವು ಅನ್ನಲಿಕ್ಕೆ ‘ವೇ’. ನಾವಿಬ್ಬರೇ ಅನ್ನಲಿಕ್ಕೆ ಬ್ಯಾರೆ ಶಬ್ದ, ‘ವಿತ್’. ಸಂಸ್ಕೃತದ ದ್ವಿವಚನ ಇದ್ದಂಗ. ಗಂಡ ಹೆಂಡತಿ ಹೊಲಕ್ಕ ಹೊಂಟರ ‘ವಿತ್’, ಊರು ಹೊಂಟರ ‘ವೇ’.

ಅವನನ್ನು ಅನ್ನಲಿಕ್ಕೆ ಆಗ ‘ಹಿನೆ’ ಇತ್ತು, ಅವನಿಗೆ ಅನ್ನಲಿಕ್ಕೆ ‘ಹಿಮ್’ ಇತ್ತು. ದ್ವಿತೀಯೆ ಬ್ಯಾರೆ, ಚತುರ್ಥಿ ಬ್ಯಾರೆ. ಕಾಲ ಕಳೆದಂಗ ‘ಹಿಮ್’ ಅನ್ನೋದು ‘ಹಿನೆ’ಯನ್ನು ನುಂಗಿತು. ಈಗ ಅವನನ್ನು ಕರೆದರೂ ‘ಹಿಮ್’, ಅವನಿಗೆ ಕೊಟ್ಟರೂ ‘ಹಿಮ್’. ನಮ್ಮ ನೆರೆಯ ಮರಾಠಿಯವರ ‘ಮಲಾ’ ಹಂಗೇ ಅಲ್ಲೇನು? ‘ನನ್ನನ್ನು’ ಅನ್ನುವಲ್ಲೂ ‘ಮಲಾ’, ‘ನನಗೆ’ ಅನ್ನುವಲ್ಲೂ ‘ಮಲಾ’. ಅದರಿಂದ ಮರಾಠಿಗೆ ಏನೂ ಕಡಿಮೆಯಾಗಿಲ್ಲ.

ಬಾಲಗಳು ಯಾಕ ಉದುರಿದವು? ಒಂದೇ ಕಾರಣ ಹೇಳಲಿಕ್ಕೆ ಬರೂದಿಲ್ಲ. ಶಬ್ದದ ಮೊದಲಿಗೆ ಒತ್ತು ಕೊಟ್ಟು ಮಾತಾಡುವ ಭಾಷೆ ಅದು, ಕಡೆಯ ಅಕ್ಷರ ಬಾಯಿಯೊಳಗ ಸವೀತಿತ್ತು. ಹಂತಿಯೊಳಗ ಎತ್ತು ತುಳಿತುಳಿದು ತೆನೆಯೊಳಗಿನ ಕಾಳು ಉಳಿದು ಸಿಪ್ಪೆ ಹಾರಿದಂಗ. 793ರ ಸುಮಾರಿಗೆ ಸಮುದ್ರದ ಆಚೆಯ ವೈಕಿಂಗ್ ಜನ ದಾಳಿ ಶುರು ಮಾಡಿದರು. ಮುಂದ ಅವರೊಳಗ ಬಹಳ ಮಂದಿ ಉತ್ತರ ಮತ್ತು ಪೂರ್ವದ ಕಡೆ ಹೊಲ ಮಾಡಿಕೊಂಡು ಅಲ್ಲೇ ನೆಲೆಸಿದರು. ಅವರ ಮಾತಿನ ಬೇರು ಇಂಗ್ಲಿಷಿನ ಬೇರಿನ ಸಮೀಪದ್ದೇ, ಬಾಲಗಳು ಮಾತ್ರ ಬ್ಯಾರೆ. ಬಾಲ ಬಿಟ್ಟು ಮಾತಾಡಿದರ ಇಬ್ಬರಿಗೂ ತಿಳೀತಿತ್ತು. ಗಡಿಯ ಜನ ನಾವು, ಇದು ನಮಗ ಬಿಡಿಸಿ ಹೇಳೋದು ಬ್ಯಾಡ, ದುಧನಿಯ ಸಂತೆಗೆ ಹೋಗಿ ನಿಂತರ ಸಾಕು. ಅದೇ ಜನರಿಂದಲೇ ಇಂಗ್ಲಿಷಿಗೆ ‘ದೇ’, ‘ದೆಮ್’, ‘ದೇರ್’ ಬಂದವು. ಅವರು, ಅವರಿಗೆ, ಅವರ ಅನ್ನುವ ಶಬ್ದಗಳೇ ಹೊರಗಿನವು ಅಂದರ ನೋಡ್ರಿ! ಅವೂ ಒಮ್ಮೆಗೇ ಬರಲಿಲ್ಲ. 1400ರಲ್ಲಿ ತೀರಿಕೊಂಡ ಚಾಸರ್ ಅನ್ನುವ ದೊಡ್ಡ ಕವಿ ‘ದೇ’ ಅನ್ನುತ್ತಿದ್ದ, ಆದರೆ ‘ದೆಮ್’ ಬದಲು ಹಳೆಯ ‘ಹೆಮ್’ ಅನ್ನುತ್ತಿದ್ದ. ಇವತ್ತಿಗೂ ಇಂಗ್ಲಿಷರು ಅವಸರದಾಗ ‘ಎಮ್’ ಅನ್ನತಾರಲ್ಲ, ಅದು ‘ದೆಮ್’ ಸವೆದದ್ದಲ್ಲ, ಆ ಹಳೆಯ ‘ಹೆಮ್’ ಉಳಿದದ್ದು ಅಂತ ಪಂಡಿತರ ಅಭಿಪ್ರಾಯ.

1066ರಲ್ಲಿ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದ. ಅರಮನೆ ಮತ್ತು ಕಚೇರಿಗೆ ಫ್ರೆಂಚ್ ಬಂತು, ಚರ್ಚಿಗೆ ಲ್ಯಾಟಿನ್ ಇತ್ತು. ಇಂಗ್ಲಿಷು ನೇಗಿಲ ಹಿಂದೆ, ಒಲೆಯ ಮುಂದೆ ಉಳೀತು. ತಿದ್ದುವ ಪಂತೋಜಿ ಇಲ್ಲದ ಭಾಷೆ ತನ್ನ ಪಾಡಿಗೆ ತಾನು ಬೆಳೀತು. ಮೂರು ನೂರು ವರ್ಷ ಕಳೆಯುವಷ್ಟರಲ್ಲಿ ನಾಮಪದಗಳ ಬಾಲ ಬಹುತೇಕ ಹೋಗಿದ್ದವು. ಬಾಲ ಹೋದ ಮೇಲೆ ಮಾಡಿದವ ಯಾರು ಮಾಡಿಸಿಕೊಂಡವ ಯಾರು ಅನ್ನೋದನ್ನು ಶಬ್ದದ ಜಾಗ ಹೇಳಬೇಕಾಯಿತು. ‘ಹೋರಿ ಗೌಡನ್ನ ಹಾಯ್ತು’ ಅಂದರೂ ‘ಗೌಡನ್ನ ಹೋರಿ ಹಾಯ್ತು’ ಅಂದರೂ ನಮ್ಮೊಳಗ ಪೆಟ್ಟು ಬಿದ್ದದ್ದು ಗೌಡನಿಗೇ. ಇಂಗ್ಲಿಷಿನಲ್ಲಿ ‘ದಿ ಬುಲ್ ಹಿಟ್ ದಿ ಫಾರ್ಮರ್’ ಅನ್ನೋದನ್ನ ತಿರುಗಿಸಿದರ ಹೋರಿಗೆ ಪೆಟ್ಟು ಬೀಳತದ. ನಾಮಪದಕ್ಕ ಉಳಿದದ್ದು ‘ಫಾರ್ಮರ್ಸ್’ ಅನ್ನುವಲ್ಲಿಯ ಷಷ್ಠಿಯ ‘ಸ್’ ಒಂದೇ. ಹಳೆಯ ‘ಸ್ತಾನೆಸ್’ದ ಬಾಲ ಅದು.

ಸರ್ವನಾಮಗಳು ಮಾತ್ರ ಅಷ್ಟು ಸರಳ ಬಿಟ್ಟುಕೊಡಲಿಲ್ಲ. ದಿನಕ್ಕ ಸಾವಿರ ಸಲ ಬಾಯಿಗೆ ಬರುವ ಶಬ್ದಗಳು ಹಳೆಯ ರೂಪ ಹಿಡಕೊಂಡು ಕೂಡತಾವ. ಅದಕ್ಕೇ ‘ಐ-ಮಿ’, ‘ಹಿ-ಹಿಮ್’ ಉಳಿದವು. ವಾಡೆ ಬಿದ್ದ ಮೇಲೆ ನಾಕು ಕಂಬ ನಿಂತಂಗ. ಆದರೂ ಅವಕ್ಕ ಈಗ ಮೊದಲಿನ ಕೆಲಸ ಉಳಿದಿಲ್ಲ, ಜಾಗವೇ ಅರ್ಥ ಹೇಳತದ. ಹುಡುಗಿ ‘ಮಿ ಅಂಡ್ ಮೈ ಗ್ರ್ಯಾಂಡ್‌ಫಾದರ್ ಸಿಂಗ್’ ಅಂದಾಗ ಯಾರು ಹಾಡಿದರು ಅನ್ನೋದು ನಕ್ಕವರಿಗೂ ತಿಳಿದಿತ್ತು.

ಇನ್ನು ಎಲ್ಲಕ್ಕಿಂತ ಸ್ವಾರಸ್ಯದ್ದು ‘ಯು’ ಕಥೆ. ಇದನ್ನು ನಾನು ಸಾವಕಾಶ ಹೇಳಬೇಕು.

ಹಳೆಯ ಇಂಗ್ಲಿಷಿನಲ್ಲಿ ನೀನು ಅನ್ನಲಿಕ್ಕೆ ‘ದೌ’, ನಿನಗೆ ಅನ್ನಲಿಕ್ಕೆ ‘ದೀ’ ಇತ್ತು. ಹಳೆಯ ಉಚ್ಚಾರ ಸ್ವಲ್ಪ ಬ್ಯಾರೆ, ನಾನು ಮುಂದಿನ ರೂಪವನ್ನೇ ಬರೀತೀನಿ. ಬಹಳ ಮಂದಿಗೆ ನೀವು ಅನ್ನಲಿಕ್ಕೆ ‘ಯೀ’, ನಿಮಗೆ ಅಥವಾ ನಿಮ್ಮನ್ನು ಅನ್ನಲಿಕ್ಕೆ ‘ಯು’. ಅಂದರೆ ‘ಯು’ ಹುಟ್ಟಿದ್ದು ಪ್ರಥಮಾ ವಿಭಕ್ತಿಯಾಗಿ ಅಲ್ಲ, ‘ಮಿ’, ‘ಹಿಮ್’ ಇವುಗಳ ಸಾಲಿನ್ಯಾಗಿನ ಶಬ್ದ ಅದು. 1611ರಲ್ಲಿ ಜೇಮ್ಸ್ ದೊರೆಯ ಕಾಲದ ಬೈಬಲ್ ಅಚ್ಚಾದಾಗ ‘ಯೀ’ ಮತ್ತು ‘ಯು’ ಭೇದವನ್ನು ಹೆಚ್ಚುಕಮ್ಮಿ ತಪ್ಪದೆ ಕಾದುಕೊಂಡಿದ್ದರು. ಅದೇ ಕಾಲದ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಎರಡೂ ಕಲಸಿಹೋಗಿವೆ. ಸಂತೆಯಲ್ಲಿ, ಬೀದಿಯಲ್ಲಿ ಜನ ‘ಯೀ’ ಬಿಟ್ಟು ‘ಯು’ ಅನ್ನಲಿಕ್ಕೆ ಹತ್ತಿದ್ದರು. ಆ ಶತಮಾನ ಮುಗಿಯುವ ಹೊತ್ತಿಗೆ ದಿನದ ಮಾತಿನಲ್ಲಿ ‘ಯು’ ಗೆದ್ದಿತ್ತು. ಇವತ್ತು ಇಂಗ್ಲೆಂಡಿನ ದೊಡ್ಡ ಪ್ರಾಧ್ಯಾಪಕ ‘ಯು ಆರ್ ರಾಂಗ್’ ಅಂತ ಯಾರನ್ನಾದರೂ ತಿದ್ದಿದರೂ, ಹಳೆಯ ಲೆಕ್ಕದಲ್ಲಿ ಅಂವ ‘ನಿಮಗೆ ತಪ್ಪು ಇದ್ದೀರಿ’ ಅಂದಂಗ. ಒಂದು ಕಾಲದ ತಪ್ಪು ಈಗ ಒಂದೇ ಸರಿಯಾದ ರೂಪ ಆಗೇದ. ಗುರುಗಳು ಇದನ್ನು ಹೇಳಿದ ದಿನ ನಾನು ಮನೆಗೆ ಬಂದು ಮೊಮ್ಮಗಳನ್ನು ಎಬ್ಬಿಸಿ ಹೇಳಿದೆ. ಆಕಿ ನಿದ್ದೆಗಣ್ಣಾಗ ‘ಹೌದಾ?’ ಅಂದು ಮತ್ತ ಮಲಗಿದಳು.

‘ದೌ’ ಏನಾತು? ನಮ್ಮ ‘ನೀನು-ನೀವು’ ಗೊತ್ತಿದ್ದವರಿಗೆ ಇದು ಸುಲಭ. ಫ್ರೆಂಚರ ಪದ್ಧತಿ ನೋಡಿ ಇಂಗ್ಲಿಷರೂ ದೊಡ್ಡವರಿಗೆ ಬಹುವಚನ ಹಾಕಲಿಕ್ಕೆ ಶುರು ಮಾಡಿದರು. ಒಡೆಯನಿಗೆ ‘ಯು’, ಆಳಿಗೆ ‘ದೌ’. ಆಮೇಲೆ ಯಾರಿಗೂ ‘ದೌ’ ಅನ್ನಿಸಿಕೊಳ್ಳೋದು ಬ್ಯಾಡಾತು. 1624ರಲ್ಲಿ ಒಬ್ಬ ನೇಕಾರನ ಮಗನಾಗಿ ಹುಟ್ಟಿದ ಜಾರ್ಜ್ ಫಾಕ್ಸ್ ಕ್ವೇಕರ್ ಪಂಥವನ್ನು ಕಟ್ಟಿದ. ದೇವರ ಮುಂದ ಎಲ್ಲರೂ ಸಮಾನ, ದೊರೆಯಾದರೇನು ಆಳಾದರೇನು, ಒಬ್ಬನಿಗೆ ‘ದೌ’ ಅನ್ನಬೇಕು, ಬಹಳ ಮಂದಿಗೆ ‘ಯು’ ಅನ್ನಬೇಕು ಅಂತ ಹಟ ಹಿಡಿದ. 1660ರಲ್ಲಿ ತನ್ನ ಇಬ್ಬರು ಜೊತೆಗಾರರ ಕೂಡಿ ಏಕವಚನ-ಬಹುವಚನ ಕಲಿಸುವ ಒಂದು ದೊಡ್ಡ ಪುಸ್ತಕವನ್ನೇ ಹೊರಡಿಸಿದ. ಮಕ್ಕಳ ಅಕ್ಷರದ ಹಲಗೆಯ ಹೆಸರನ್ನೇ ಅದಕ್ಕೆ ಇಟ್ಟ. ಪಂಡಿತರೇ, ನೀವು ಕೂಸುಗಳಂತೆ ಮತ್ತೆ ಕಲೀರಿ ಅನ್ನುವ ಧಾಟಿ. ‘ದೌ’ ಅಂದದ್ದಕ್ಕೆ ಕ್ವೇಕರರು ಬೈಗುಳ ತಿಂದರು, ಹೊಡೆತವನ್ನೂ ತಿಂದರು. ಒಂದು ಸರ್ವನಾಮದ ಸಲುವಾಗಿ! ಆದರ ಮುಂದ ಅದೇ ಕ್ವೇಕರರೊಳಗ ಬಹಳ ಮಂದಿ ‘ದೌ’ ಬಿಟ್ಟು, ‘ದೀ’ ಅನ್ನೋದನ್ನೇ ನೀನು ಅನ್ನಲಿಕ್ಕೂ ಬಳಸಿದರು. ವಿಭಕ್ತಿ ಅಲ್ಲೂ ಜಾರಿತು. ನಮ್ಮ ಮನೆಯೊಳಗ ಮೊಮ್ಮಕ್ಕಳು ನನಗ ‘ನೀ’ ಅಂತಾರ, ಭಜನಿಯೊಳಗ ನಾವು ದೇವರಿಗೆ ‘ನೀ’ ಅಂತೀವಿ, ತಹಶೀಲ ಕಚೇರಿಯ ಸಿಪಾಯಿಗೆ ಮಾತ್ರ ‘ನೀವು’. ಈ ಲೆಕ್ಕ ಇಂಗ್ಲಿಷಿಗೆ ತಪ್ಪಿತು, ‘ಯು’ ಒಂದೇ ಉಳೀತು. ಅದು ಅವರಿಗೆ ಲಾಭವೋ ಲುಕ್ಸಾನೋ ನನಗ ಹೇಳಲಿಕ್ಕೆ ಬರೂದಿಲ್ಲ.

ಹಂಗಾದರ ‘ಐ’ ಇಲ್ಲೇ ಬರಬೇಕು, ‘ಮಿ’ ಅಲ್ಲೇ ಬರಬೇಕು ಅಂತ ಕಟ್ಟುನಿಟ್ಟು ಮಾಡಿದವರು ಯಾರು? ಮೊದಲು ಭಾಷೆ ಇತ್ತು, ವ್ಯಾಕರಣ ಪುಸ್ತಕ ಬಂದದ್ದು ಬಹಳ ತಡವಾಗಿ. ಇಂಗ್ಲಿಷಿನ ಮೊದಲ ವ್ಯಾಕರಣವನ್ನು ವಿಲಿಯಮ್ ಬುಲ್ಲೋಕರ್ ಅನ್ನುವವ 1586ರಲ್ಲಿ ಅಚ್ಚು ಮಾಡಿಸಿದ. ಅದಕ್ಕೆ ಮಾದರಿ ಲ್ಯಾಟಿನ್ ವ್ಯಾಕರಣ. ಆಗ ವ್ಯಾಕರಣ ಅಂದರೇ ಲ್ಯಾಟಿನ್. 1762ರಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿ ಒಂದು ಸಣ್ಣ ವ್ಯಾಕರಣ ಹೊರಡಿಸಿದ. ಮುಂದೆ ಈತ ಲಂಡನ್ನಿನ ಬಿಷಪ್ ಆದ. ತನ್ನ ಸಣ್ಣ ಮಗನಿಗೆ ಅಂತ ಬರೆಯಲಿಕ್ಕೆ ಶುರು ಮಾಡಿದ್ದು, ದೇಶಕ್ಕೆಲ್ಲ ಪಾಠ ಆತು. ‘ಇದೆ, ಇದ್ದಾನೆ’ ಅನ್ನುವ ಕ್ರಿಯಾಪದದ ಮುಂದೆ ಯಾವಾಗಲೂ ಪ್ರಥಮಾ ವಿಭಕ್ತಿಯೇ ಬರಬೇಕು ಅಂತ ಅದರಲ್ಲಿ ಬರೆದ. ಬಾಗಿಲ ಬಡಿದು ‘ನಾನು’ ಅನ್ನಬೇಕಾದರೆ ‘ಇಟ್ ಈಸ್ ಮಿ’ ತಪ್ಪು, ‘ಇಟ್ ಈಸ್ ಐ’ ಸರಿ. ಲ್ಯಾಟಿನ್ನಿನಲ್ಲಿ ಹಂಗ ಅದ. ಈ ಲೌತ್ ದೊಡ್ಡ ದೊಡ್ಡ ಸಾಹಿತಿಗಳ ತಪ್ಪುಗಳನ್ನೂ ಹೆಕ್ಕಿ ಪುಟದ ಕೆಳಗೆ ಅಚ್ಚು ಹಾಕಿದ. ಶೇಕ್ಸ್‌ಪಿಯರನನ್ನೂ ಮಿಲ್ಟನ್‌ನನ್ನೂ ಬಿಡಲಿಲ್ಲ. ಹರದೇಶಿ-ನಾಗೇಶಿ ಪದದಾಗ ಎದುರಿನ ಮೇಳದವರ ಶಬ್ದ ಹಿಡಿದು ಜಗ್ಗತಾರಲ್ಲ, ಹಂಗ.

ಅದೇ ಹೊತ್ತಿಗೆ ಜೋಸೆಫ್ ಪ್ರೀಸ್ಟ್ಲಿಯೂ ಒಂದು ವ್ಯಾಕರಣ ಬರೆದಿದ್ದ, 1761ರಲ್ಲಿ ಮೊದಲು ಅಚ್ಚಾಯಿತು. ಮುಂದ 1774ರಲ್ಲಿ ಗಾಳಿಯೊಳಗಿನ ಆಮ್ಲಜನಕವನ್ನು ಕಂಡುಹಿಡಿದ ವಿಜ್ಞಾನಿ ಇವನೇ. ವ್ಯಾಕರಣ ಪಂಡಿತರು ‘ಐ’ ಅನ್ನಿ ಅಂತಾರ, ಆದರ ಜನರ ಬಾಯಿಯ ಮಾತನ್ನೂ ಒಳ್ಳೆಯ ಬರಹಗಾರರ ಬಳಕೆಯನ್ನೂ ನೋಡಿದರ ಅದಕ್ಕೆ ಎದುರಿನ ನಿಯಮವನ್ನೇ ಮಾಡಬೇಕಾಗತದ ಅನ್ನುವ ಅರ್ಥದ ಮಾತು ಬರೆದ. ಯಾರ ಮಾತು ನಡೀತು? ಲೌತನದ್ದು. 1795ರಲ್ಲಿ ಲಿಂಡ್ಲಿ ಮರ್ರೇ ಅನ್ನುವವ ಲೌತನಿಂದ ಬಹಳ ತಗೊಂಡು ಯಾರ್ಕ್ ಊರಿನ ಹುಡುಗಿಯರ ಶಾಲೆಯೊಂದಕ್ಕೆ ವ್ಯಾಕರಣ ಬರೆದ. ಅಮೆರಿಕದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವಕೀಲ ಈತ, ಕ್ವೇಕರ್ ಕೂಡ. ಆ ಪುಸ್ತಕ ಎರಡೂ ದೇಶಗಳಲ್ಲಿ ಮತ್ತೆ ಮತ್ತೆ ಅಚ್ಚಾಯಿತು. ಹೊಸದಾಗಿ ರೊಕ್ಕ ಕಂಡ ವ್ಯಾಪಾರಿಗಳಿಗೆ, ಕಾರಖಾನೆಯ ಮಾಲಕರಿಗೆ ದೊಡ್ಡ ಮಂದಿಯಂತೆ ಮಾತಾಡುವ ಆಸೆ ಇತ್ತು. ತಪ್ಪು ಮಾತಾಡಿದರ ಹುಟ್ಟು ಗೊತ್ತಾಗತದ ಅನ್ನುವ ಅಂಜಿಕೆಯೂ ಇತ್ತು. ವ್ಯಾಕರಣದ ಪುಸ್ತಕ ಆ ಅಂಜಿಕೆಯ ಮ್ಯಾಲ ಮಾರಾಟ ಆತು ಅಂತ ನನ್ನ ಅಭಿಪ್ರಾಯ.

ನಮ್ಮ ಹುಡುಗಿ ಮಾಡಿದ ಎರಡನೆಯ ತಪ್ಪು, ‘ಮಿ’ ಬರಬೇಕಾದಲ್ಲಿ ‘ಐ’ ಹಾಕಿದ್ದು, ಇದೇ ಅಂಜಿಕೆಯಿಂದ ಹುಟ್ಟುವ ತಪ್ಪು. ‘ಮಿ ಅನ್ನಬ್ಯಾಡ’ ಅಂತ ಬೈಸಿಕೊಂಡವರು ಎಲ್ಲಾ ಕಡೆ ‘ಐ’ ಅನ್ನತಾರ. ‘ಬಿಟ್ವೀನ್ ಯು ಅಂಡ್ ಐ’ ಅನ್ನುವ ಮಾತು ಇಂಗ್ಲಿಷರ ಬಾಯಲ್ಲೂ ಬರತದ. ನಿಯಮದಂತೆ ಅದು ‘ಮಿ’ ಆಗಬೇಕು. ಆದರ ಎಲ್ಲ ತಪ್ಪನ್ನೂ ಲೌತನ ಮ್ಯಾಲೇ ಹೊರಸೋದು ನ್ಯಾಯ ಅಲ್ಲ. ಅವನಿಗಿಂತ ನೂರೈವತ್ತು ವರ್ಷ ಮೊದಲು ಬರೆದ ಶೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದಲ್ಲಿ ಆಂಟೋನಿಯೊ ಬರೆಯುವ ಕಾಗದದಲ್ಲೂ ಹಿಂಗೇ ‘ಐ’ ಬಂದದ. ಎರಡು ಹೆಸರು ಜೋಡಿಯಾಗಿ ಬಂದಾಗ ನಾಲಿಗೆ ತಪ್ಪೋದು ಹಳೆಯ ರೋಗ.

ಅಲ್ಲಿಂದ ಇಲ್ಲಿಗೆ ಈ ನಿಯಮ ಬಂದ ದಾರಿ ಉದ್ದೇನಿಲ್ಲ. 1835ರಲ್ಲಿ ಮೆಕಾಲೆಯ ಟಿಪ್ಪಣಿಯ ಮೇಲೆ ಕಂಪನಿ ಸರಕಾರ ಇಂಗ್ಲಿಷ್ ಶಿಕ್ಷಣಕ್ಕೆ ಹಣ ಹಾಕಲಿಕ್ಕೆ ನಿರ್ಧರಿಸಿತು. ಮುಂದೆ ಈ ದೇಶದ ಶಿಕ್ಷಣ ಖಾತೆಯಲ್ಲೇ ಕೆಲಸ ಮಾಡಿದ ನೆಸ್‌ಫೀಲ್ಡ್ ಸಾಹೇಬನ ವ್ಯಾಕರಣ ಬಂತು. ಆಮೇಲೆ ರೆನ್ ಮತ್ತು ಮಾರ್ಟಿನ್ ಪುಸ್ತಕ. ಅದು ಇವತ್ತಿಗೂ ನಮ್ಮ ಮಕ್ಕಳ ಪಾಟೀಚೀಲದಾಗ ಅದ. ಆ ರೆನ್ ಮುಂಬಯಿ ಇಲಾಖೆಯ ಶಿಕ್ಷಣ ನೌಕರಿಯಲ್ಲಿದ್ದವ, ಕರಾಚಿಯಲ್ಲಿ ಹೆಡ್‌ಮಾಸ್ತರ ಆಗಿದ್ದ. ಆಗ ಕರಾಚಿ, ಸೊಲ್ಲಾಪುರ, ವಿಜಾಪುರ, ಧಾರವಾಡ ಎಲ್ಲ ಅದೇ ಒಂದು ಇಲಾಖೆಯೊಳಗಿದ್ದವು. ನಮ್ಮ ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಸೊಲ್ಲಾಪುರ ಜಿಲ್ಲೆಗೆ ಸೇರಿತು, 1956ರಲ್ಲಿ ವಿಜಾಪುರ ಆಚೆ ಹೋಯಿತು, ನಾವು ಈಚೆ ಉಳಿದೆವು. ಗಡಿಯ ಎರಡೂ ಕಡೆಯ ಮಕ್ಕಳು ಇವತ್ತಿಗೂ ಅದೇ ‘ಐ-ಮಿ’ ತಿದ್ದತಾರ.

ಲ್ಯಾಟಿನ್ನಿನ ಅಂಗಿ ಇಂಗ್ಲಿಷಿಗೆ ತೊಡಿಸಿದರು ಅಂತ ನಗೋ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಾವು ಸಣ್ಣವರಿದ್ದಾಗ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ಏಳು ವಿಭಕ್ತಿ ಬಾಯಿಪಾಠ ಮಾಡಿದ್ದೆವು. ಈ ‘ದೆಸೆಯಿಂದ’ ಅನ್ನೋದನ್ನ ನಾನು ಅರವತ್ತು ವರ್ಷದಾಗ ಒಬ್ಬ ಒಕ್ಕಲಿಗನ ಬಾಯಲ್ಲೂ ಕೇಳಿಲ್ಲ. ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಯಾರಂತಾರ? ಗಿಡದಿಂದ ಬಿತ್ತು, ಇಲ್ಲಾ ಗಿಡದ ಮ್ಯಾಲಿಂದ ಬಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಸಂಸ್ಕೃತದಂತೆ ಏಳು ವಿಭಕ್ತಿಯ ಚೌಕಟ್ಟು ಇಟ್ಟುಕೊಂಡ, ಪಂಚಮಿಯ ಜಾಗಕ್ಕೆ ‘ಅತ್ತಣಿಂ’ ಅಂತ ಹೇಳಿದ. ಅದೇ ಮುಂದೆ ಶಾಲೆಯ ಪುಸ್ತಕಗಳಲ್ಲಿ ‘ದೆಸೆಯಿಂದ’ ಆತು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಡಿ. ಎನ್. ಶಂಕರ ಭಟ್ಟರು ಪುಸ್ತಕ ಬರೆದದ್ದು ಇಂಥ ಕಾರಣಕ್ಕೆ. ಕೇಶಿರಾಜ ದೊಡ್ಡವ, ಆತ ಬರೆದಿಡದಿದ್ದರ ಹಳಗನ್ನಡದ ಎಷ್ಟೋ ಸಂಗತಿ ನಮಗ ತಿಳೀತಿರಲಿಲ್ಲ. ಆದರೂ ಅಂಗಿ ಅಂಗಿಯೇ. ಇನ್ನೊಂದು, ‘ಅಂವ ನನ್ನ ಕರದ’ ಅಂತ ನಾವು ಮಾತಾಡತೀವಿ. ಪರೀಕ್ಷೆಯೊಳಗ ಹಂಗ ಬರದರ ಗುರುಗಳು ಕೆಂಪು ಶಾಯಿಯಿಂದ ‘ನನ್ನನ್ನು’ ಮಾಡತಾರ. ಇಂಗ್ಲಿಷಿನ ‘ಮಿ’ಗೂ ನಮ್ಮ ಈ ‘ನನ್ನ’ಕ್ಕೂ ಒಂದೇ ಗತಿ.

ಶಾಲೆಯ ಗುರುಗಳು ಇದನ್ನು ಓದತೀರಂತ ನನಗ ಗೊತ್ತದ. ಅದಕ್ಕ ಒಂದೆರಡು ಉಪಯೋಗದ ಮಾತು. ಜೋಡಿ ಹೆಸರು ಬಂದಾಗ ಇನ್ನೊಬ್ಬನ್ನ ತೆಗೆದು ನೋಡಬೇಕು. ‘ಹಿ ಟೀಚಸ್ ಮೈ ಬ್ರದರ್ ಅಂಡ್...’ ಅನ್ನುವಲ್ಲಿ ತಮ್ಮನನ್ನು ತೆಗೀರಿ. ‘ಹಿ ಟೀಚಸ್ ಐ’ ಅಂತ ಯಾವ ಕೂಸೂ ಅನ್ನೂದಿಲ್ಲ, ‘ಮಿ’ ತಾನೇ ಬರತದ. ಇದನ್ನು ಆ ನಿವೃತ್ತ ಗುರುಗಳು ಹುಡುಗಿಗೆ ಐದು ನಿಮಿಷದಾಗ ಕಲಿಸಿದರು. ಕನ್ನಡದಿಂದ ಅಳೆದು ನೋಡೋದು ಮಾತ್ರ ಎಲ್ಲಾ ಕಡೆ ನಡಿಯೂದಿಲ್ಲ. ‘ನನಗೆ ಹಸಿವಾಗೇದ’ ಅನ್ನುವಲ್ಲಿ ನಮ್ಮದು ಚತುರ್ಥಿ, ಅವರದು ‘ಐ’. ‘ನನಗೆ ಅನಸತದ’ ಅನ್ನುವಲ್ಲೂ ಅವರದು ‘ಐ’. ನಮ್ಮ ಮಕ್ಕಳು ಇಲ್ಲೇ ಎಡವತಾರ. ಸ್ವಾರಸ್ಯ ಏನಂದರ, ಹಳೆಯ ಇಂಗ್ಲಿಷರೂ ನಮ್ಮಂಗೇ ‘ನನಗೆ ಹಸೀತದ’, ‘ನನಗೆ ಅನಸತದ’ ಅಂತ ‘ಮೇ’ ಹಾಕಿಯೇ ಮಾತಾಡತಿದ್ದರು. ಶೇಕ್ಸ್‌ಪಿಯರನ ಕಾಲಕ್ಕೂ ‘ಮಿಥಿಂಕ್ಸ್’ ಅನ್ನುವ ಮಾತು ಜೀವಂತ ಇತ್ತು. ಬಾಲ ಹೋಗಿ ಜಾಗಕ್ಕೇ ಬೆಲೆ ಬಂದ ಮೇಲೆ, ಮೊದಲ ಜಾಗದಾಗ ಕುಂತವರೆಲ್ಲ ‘ಐ’ ಆದರು. ಇನ್ನು ‘ಇಟ್ ಈಸ್ ಮಿ’ ವಿಷಯ. ಇವತ್ತಿನ ದೊಡ್ಡ ವ್ಯಾ­ಕರಣಗಳು ಮಾತಿನೊಳಗ ಅದೇ ಸಹಜ ಅಂತ ಒಪ್ಪಿಕೊಂಡಾವ. ಪರೀಕ್ಷೆಯೊಳಗ ಮಾತ್ರ ಪುಸ್ತಕದಾಗ ಇದ್ದಂಗ ಬರೀರಿ, ಗುಣ ಕೊಡುವವರು ಅವರು.

ಈ ಕಥೆಯನ್ನೆಲ್ಲ ನಾನು ಮೊಮ್ಮಗಳಿಗೆ ಒಮ್ಮೆಗೇ ಹೇಳಲಿಲ್ಲ. ಶೇಂಗಾ ಬಿಡಿಸುವಾಗ ಒಂದಿಷ್ಟು, ಕರೆಂಟು ಹೋದಾಗ ಒಂದಿಷ್ಟು. ‘ಯು’ ಕಥೆಯನ್ನ ಆಕಿ ವರ್ಗದೊಳಗ ಗೆಳತಿಯರಿಗೆ ಹೇಳಿದಳಂತೆ, ಕನ್ನಡದಾಗ. ಮೊನ್ನೆ ದೀಪಾವಳಿ ಸೂಟಿಯೊಳಗ ಅದೇ ಭಾಷಣವನ್ನ ಮತ್ತ ಬರದು ತಂದು ತೋರಿಸಿದಳು. ಮೊದಲ ಸಾಲು ‘ಮೈ ಗ್ರ್ಯಾಂಡ್‌ಫಾದರ್ ಅಂಡ್ ಐ’ ಅಂತ ಶುರುವಾಗತದ, ನಾಕನೆಯ ಸಾಲಿನ್ಯಾಗ ‘ಮೈ ಬ್ರದರ್ ಅಂಡ್ ಮಿ’ ಅದ. ಈ ಸಲದ ಸ್ಪರ್ಧೆ ಜನೇವರಿ ತಿಂಗಳದಾಗ.

‘ಹೋಗತೀ ಏನವಾ?’ ಅಂದೆ.

‘ನೀ ಬಂದು ಮುಂದಿನ ಸಾಲಿನ್ಯಾಗ ಕುಂದ್ರತೀನಿ ಅಂದ್ರ ಹೋಗತೀನಿ ಮುತ್ಯಾ’ ಅಂದಳು.

ಅದೇ ಹೊತ್ತಿಗೆ ತೊಗರಿ ರಾಶಿ ಬರತದ. ಆ ದಿನ ಮಾತ್ರ ರಾಶಿ ಹಚ್ಚಬ್ಯಾಡ ಅಂತ ಮಗನಿಗೆ ಹೇಳೇನಿ.